ಧನವಿನಿಯೋಗ ಲೆಕ್ಕಪತ್ರ: ಬಜೆಟ್ ಭಾಷಣ ಬಿಟ್ಟು ಇದನ್ನು ಓದಿ

ಬಜೆಟ್ ಮಂಡನೆಯಾದ ಮರುದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಒಂದೇ ದೊಡ್ಡ ಅಂಕಿ ಇರುತ್ತದೆ. 2025-26ಕ್ಕೆ ಕರ್ನಾಟಕದಲ್ಲಿ ಅದು 4,09,549 ಕೋಟಿ ರೂಪಾಯಿ. ಅದು ಖರ್ಚು ಮಾಡುತ್ತೇವೆ ಎಂಬ ಮಾತು, ಖರ್ಚಾದ ಲೆಕ್ಕವಲ್ಲ. ವರ್ಷ ಮುಗಿದ ಮೇಲೆ ಸದನ ಒಪ್ಪಿದ್ದೆಷ್ಟು, ಖಜಾನೆಯಿಂದ ಹೊರಟಿದ್ದೆಷ್ಟು ಎಂದು ಬೇಡಿಕೆವಾರು, ಅಂದರೆ ಸದನದ ಮುಂದಿಟ್ಟ ಒಂದೊಂದು ಅನುದಾನದ ಬೇಡಿಕೆಗೂ, ಎದುರುಬದುರು ನಿಲ್ಲಿಸುವ ಪುಸ್ತಕ ಒಂದೇ: ಧನವಿನಿಯೋಗ ಲೆಕ್ಕಪತ್ರಗಳು. ಬೆಂಗಳೂರಿನ ಮಹಾಲೇಖಪಾಲರ ಕಚೇರಿ ಇದನ್ನು ಸಿದ್ಧಪಡಿಸುತ್ತದೆ, ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು, ಅಂದರೆ ಸಿಎಜಿ, ಪ್ರಮಾಣೀಕರಿಸುತ್ತಾರೆ, ಸಂವಿಧಾನದ 151(2)ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಸದನದ ಮುಂದೆ ಬರುತ್ತದೆ. ಆಮೇಲೆ ಸಿಎಜಿ ಜಾಲತಾಣದ ಕರ್ನಾಟಕ ಪುಟದಲ್ಲಿ ಪಿಡಿಎಫ್ ಸಿಗುತ್ತದೆ. ಬೆಲೆ ಸೊನ್ನೆ. ಓದುವವರ ಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು.

ಸರ್ಕಾರದ ಖರ್ಚನ್ನು ಹಿಂಬಾಲಿಸಲು ಬೇರೆ ಪುಸ್ತಕಗಳೂ ಇವೆ. ಆರ್ಥಿಕ ಇಲಾಖೆಯ ವೆಚ್ಚದ ವಿವರವಾದ ಅಂದಾಜುಗಳು ಸಂಪುಟಗಳಲ್ಲಿ ಬರುತ್ತವೆ. ಪ್ರತಿ ಸಾಲಿಗೂ ನಾಲ್ಕು ಅಂಕಣ: ಎರಡು ವರ್ಷ ಹಿಂದಿನ ಲೆಕ್ಕ, ಕಳೆದ ವರ್ಷದ ಆಯವ್ಯಯ, ಅದರ ಪರಿಷ್ಕೃತ ಅಂದಾಜು, ಈ ವರ್ಷದ ಆಯವ್ಯಯ. ಇದರಲ್ಲಿ ಮೊದಲ ಅಂಕಣ ಮಾತ್ರ ನಡೆದದ್ದು, ಉಳಿದ ಮೂರೂ ಅಂದಾಜು. 'ಕಳೆದ ಬಾರಿಗಿಂತ ಶೇ. ಇಷ್ಟು ಹೆಚ್ಚು' ಎನ್ನುವ ಸುದ್ದಿಗಳು ಸಾಮಾನ್ಯವಾಗಿ ಎರಡನೆಯ ಅಂಕಣವನ್ನು ನಾಲ್ಕನೆಯದರ ಜೊತೆ ಹೋಲಿಸಿ ಹುಟ್ಟಿದವು, ಅಂದರೆ ಒಂದು ಅಂದಾಜನ್ನು ಇನ್ನೊಂದು ಅಂದಾಜಿನ ಜೊತೆ. ಸಿಎಜಿ ತಾಣದ ಮಾಸಿಕ ಸೂಚಕಗಳು ಬೇಗ ಬರುತ್ತವೆ. ಆದರೆ ಅವು ತಾತ್ಕಾಲಿಕ, ಲೆಕ್ಕಪರಿಶೋಧನೆ ಆಗದ ಅಂಕಿಗಳು, ಇಲಾಖೆವಾರು ಆಳವೂ ಇರದು. ತೆರಿಗೆ ಎಷ್ಟು ಬಂತು, ಸಾಲ ಎಷ್ಟು ಎತ್ತಿದರು ಎಂದು ವರ್ಷದ ನಡುವೆ ತಿಳಿಯಲು ಸಾಕು. ಸಿಎಜಿಯದೇ ಆದ ರಾಜ್ಯ ಹಣಕಾಸು ಲೆಕ್ಕಪರಿಶೋಧನಾ ವರದಿ ಓದಲು ಎಲ್ಲಕ್ಕಿಂತ ಸುಲಭ, ನಕ್ಷೆ ವಿವರಣೆ ಎಲ್ಲ ಇದೆ. ಆದರೆ ಯಾವುದು ಮುಖ್ಯ ಎಂದು ಅಲ್ಲಿ ಬೇರೆಯವರು ಆರಿಸಿ ಆಗಿರುತ್ತದೆ. ನಿಮಗೆ ಬೇಕಾದ ಯೋಜನೆ ಆ ಆಯ್ಕೆಯಲ್ಲಿ ಇಲ್ಲದಿದ್ದರೆ ಮೂಲ ಪುಸ್ತಕಕ್ಕೇ ಹೋಗಬೇಕು.

ಹೋಗುವ ಮೊದಲು ಸಂಕೇತ ಸಂಖ್ಯೆ ಕಲಿಯಬೇಕು. ಅರ್ಧ ಗಂಟೆಯ ಕೆಲಸ. ಕರ್ನಾಟಕದ ಲೆಕ್ಕ ಶೀರ್ಷಿಕೆ 15 ಅಂಕಿಯದು: ಪ್ರಧಾನ ಶೀರ್ಷಿಕೆ 4, ಉಪಪ್ರಧಾನ 2, ಕಿರು ಶೀರ್ಷಿಕೆ 3, ಗುಂಪು 1, ಉಪಶೀರ್ಷಿಕೆ 2, ಉದ್ದೇಶ ಶೀರ್ಷಿಕೆ 3. ಮೊದಲ ಅಂಕಿಯೇ ಅರ್ಧ ಕಥೆ ಹೇಳುತ್ತದೆ. 0 ಅಥವಾ 1 ಇದ್ದರೆ ರಾಜಸ್ವ ಜಮೆ, 2 ಅಥವಾ 3 ರಾಜಸ್ವ ವೆಚ್ಚ, 4 ಅಥವಾ 5 ಬಂಡವಾಳ ವೆಚ್ಚ, 6 ಅಥವಾ 7 ಸಾಲ ಮತ್ತು ಮುಂಗಡ, 8 ಸಾರ್ವಜನಿಕ ಲೆಕ್ಕ (ಠೇವಣಿಯಂತೆ ಸರ್ಕಾರದ ಬಳಿ ಇರುವ ಹಣ) ಮತ್ತು ಸಾದಿಲ್ವಾರು (ತುರ್ತು ವೆಚ್ಚದ) ನಿಧಿ. 2202 ಸಾಮಾನ್ಯ ಶಿಕ್ಷಣದ ದಿನನಿತ್ಯದ ಖರ್ಚು, 4202 ಅದೇ ಕ್ಷೇತ್ರದ ಕಟ್ಟಡ ಮುಂತಾದ ಆಸ್ತಿಯ ಖರ್ಚು. 2202ರಲ್ಲಿ 01 ಪ್ರಾಥಮಿಕ, 02 ಪ್ರೌಢ, 03 ಉನ್ನತ ಶಿಕ್ಷಣ. 2049 ಬಡ್ಡಿ, 2071 ಪಿಂಚಣಿ, 2210 ಆರೋಗ್ಯ. ಕಿರು ಶೀರ್ಷಿಕೆ 789 ಕಂಡರೆ ಪರಿಶಿಷ್ಟ ಜಾತಿ ಉಪಯೋಜನೆ, 796 ಕಂಡರೆ ಬುಡಕಟ್ಟು ಉಪಯೋಜನೆ. 800 ಕಂಡರೆ 'ಇತರೆ ವೆಚ್ಚ'. ಬೇರೆ ಕಡೆ ಕೂರದ ಬಾಬತ್ತುಗಳಿಗಷ್ಟೇ ಇರುವ ಈ 800, ಎಲ್ಲವನ್ನೂ ತುಂಬುವ ಗೋಣಿಚೀಲವಾಗುತ್ತದೆ ಎಂಬುದು ಲೆಕ್ಕಪರಿಶೋಧಕರ ಹಳೆಯ ದೂರು.

ಬಳಸಲು ಈ ಪಿಡಿಎಫ್‌ಗಳು ಅಷ್ಟೇನೂ ಸಲೀಸಲ್ಲ. ಆರ್ಥಿಕ ಇಲಾಖೆಯ ಕನ್ನಡ ಕಡತಗಳಲ್ಲಿ ಹಳೆಯ ಅಕ್ಷರಶೈಲಿಯವು ಇವೆ. 'ಶಿಕ್ಷಣ' ಎಂದು ಟೈಪಿಸಿ ಹುಡುಕಿದರೆ ಏನೂ ಸಿಗುವುದಿಲ್ಲ, ನಕಲಿಸಿ ಅಂಟಿಸಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಪದ ಬಿಟ್ಟು ಅಂಕಿಯಿಂದ ಹುಡುಕಿ. ಸ್ಕ್ಯಾನ್ ಮಾಡಿದ ಪುಟವಲ್ಲದಿದ್ದರೆ '2202-01' ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಪ್ರತಿ ತಖ್ತೆಯ ಮೇಲ್ತುದಿಯಲ್ಲಿ ಅಂಕಿ ಸಾವಿರದಲ್ಲಿದೆಯೋ ಲಕ್ಷದಲ್ಲೋ ಕೋಟಿಯಲ್ಲೋ ಎಂದು ನೋಡುವುದನ್ನು ಮರೆಯಬಾರದು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವಾಗ ಇದು ಬದಲಾಗುತ್ತದೆ, ನೂರು ಪಟ್ಟು ತಪ್ಪು ಅಲ್ಲೇ ನುಸುಳುತ್ತದೆ.

ಇನ್ನು ಪುಸ್ತಕದ ಒಳಗೆ. ಪ್ರತಿ ಬೇಡಿಕೆಗೂ ನಾಲ್ಕು ಕೋಣೆಗಳಿರಬಹುದು: ರಾಜಸ್ವ, ಬಂಡವಾಳ, ಎರಡರಲ್ಲೂ ಸದನದ ಮತಕ್ಕೆ ಹೋದದ್ದು ಮತ್ತು ಪ್ರಭೃತ. ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ವೇತನ, ನ್ಯಾಯಾಲಯದ ಡಿಕ್ರಿ ಹಣ ಇಂಥವು ಪ್ರಭೃತ. ಸದನ ಇವನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಒಂದು ಕೋಣೆಯ ಉಳಿಕೆಯಿಂದ ಇನ್ನೊಂದರ ಹೆಚ್ಚುವರಿ ಮುಚ್ಚುವ ಹಾಗಿಲ್ಲ. ಬಂಡವಾಳದಲ್ಲಿ ನೂರು ಕೋಟಿ ಉಳಿಸಿದ ಇಲಾಖೆ ರಾಜಸ್ವದಲ್ಲಿ ಒಂದು ರೂಪಾಯಿ ಮೀರಿದರೂ ಆ ಒಂದು ರೂಪಾಯಿಯನ್ನು 205ನೇ ವಿಧಿಯಡಿ ಸದನವೇ ಸಕ್ರಮಗೊಳಿಸಬೇಕು.

ಲೆಕ್ಕದ ಕೆಳಗಿರುವ ಟಿಪ್ಪಣಿಗಳೇ ಈ ಪುಸ್ತಕದ ಸಾರ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಮೂಲ ಅನುದಾನ 500 ಕೋಟಿ, ನಡುವೆ ಪೂರಕ ಅಂದಾಜಿನಲ್ಲಿ 60 ಕೋಟಿ, ಒಟ್ಟು 560. ಮಾರ್ಚ್ 31ರಂದು 20 ಕೋಟಿ ಅಧ್ಯರ್ಪಣೆ, ಅಂದರೆ ಬಳಸದ ಹಣವನ್ನು ಹಿಂದಕ್ಕೆ ಒಪ್ಪಿಸುವುದು, ಕಚೇರಿ ಮಾತಲ್ಲಿ ಸರೆಂಡರ್. ಖರ್ಚಾದದ್ದು 480. ಇಷ್ಟರಲ್ಲೇ ಮೂರು ತಪ್ಪು ಅಡಗಿವೆ. ಮೂಲ ಅನುದಾನವೇ ಮುಗಿಯದಿರುವಾಗ ಪೂರಕ 60 ಕೋಟಿ ಪೂರ್ತಿ ಅನಗತ್ಯ. ಉಳಿದ 80ರಲ್ಲಿ 20 ಮಾತ್ರ ಒಪ್ಪಿಸಿ 60 ಕೋಟಿಯನ್ನು ಸುಮ್ಮನೆ ವ್ಯಪಗತವಾಗಲು, ಅಂದರೆ ವರ್ಷದ ಕೊನೆಗೆ ರದ್ದಾಗಲು, ಬಿಟ್ಟರು. ಒಪ್ಪಿಸಿದ 20 ಕೂಡ ಕೊನೆಯ ದಿನ ಬಂದದ್ದರಿಂದ ಹಣವಿಲ್ಲದೆ ಕಾಯುತ್ತಿದ್ದ ಬೇರೆ ಇಲಾಖೆಗೆ ಅದರಿಂದ ಉಪಯೋಗವಾಗಲಿಲ್ಲ.

ಹೊಸಬರು ಎಡವುವ ಜಾಗ ಇಲ್ಲೇ ಇದೆ. ಬೇಡಿಕೆಯ ಮೇಲ್ತುದಿಯಲ್ಲಿ ಉಳಿತಾಯ 80 ಎಂದಿರುತ್ತದೆ, ಕೆಳಗೆ ಉಪಶೀರ್ಷಿಕೆಗಳ ತಖ್ತೆಯಲ್ಲಿ 60 ಎಂದಿರುತ್ತದೆ. ಮುದ್ರಣದೋಷವಲ್ಲ. ಕೆಳಗಿನ ತಖ್ತೆ ಮೂಲ, ಪೂರಕ, ಪುನರ್ವಿನಿಯೋಗ (ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ಹಣ ಸರಿಸುವುದು) ಮೂರನ್ನೂ ಕೂಡಿಸಿ ಒಟ್ಟು ತೆಗೆಯುತ್ತದೆ. ಅಧ್ಯರ್ಪಣೆ ಪುನರ್ವಿನಿಯೋಗದ ಸಾಲಿನಲ್ಲಿ ಋಣವಾಗಿ ಸೇರಿರುವುದರಿಂದ ಅಲ್ಲಿ ಒಟ್ಟು 540 ಆಗುತ್ತದೆ. ಇಲಾಖೆಯ ಸಾಮರ್ಥ್ಯ ಅಳೆಯಲು 80 ಹಿಡಿಯಿರಿ, ಅದರ ಶಿಸ್ತು ಅಳೆಯಲು 60. ಇನ್ನೊಂದು ಗುಂಡಿ: ಈ ಪುಸ್ತಕದ ಅಂಕಿ ಒಟ್ಟು ವೆಚ್ಚದ್ದು, ಅದರ ಜೋಡಿ ಪುಸ್ತಕವಾದ ಹಣಕಾಸು ಲೆಕ್ಕಪತ್ರದ್ದು ವಸೂಲಾತಿ (ವೆಚ್ಚದಲ್ಲಿ ವಾಪಸು ಬಂದ ಹಣ) ಕಳೆದ ನಿವ್ವಳ ಅಂಕಿ. ಎರಡೂ ತಾಳೆಯಾಗಲಿಲ್ಲ ಎಂದು ಹಗರಣ ಕೂಗುವ ಮೊದಲು ವಸೂಲಾತಿಯ ಅನುಬಂಧ ನೋಡಿ.

ಉಳಿತಾಯದ ಕಾರಣವನ್ನೂ ಅಲ್ಲೇ ಕೊಡುತ್ತಾರೆ: ಹುದ್ದೆ ಖಾಲಿ, ಟೆಂಡರ್ ತಡ, ಕೇಂದ್ರದ ಪಾಲು ಬರಲಿಲ್ಲ. ಬಹಳ ಕಡೆ ಮಾತ್ರ ಒಂದೇ ವಾಕ್ಯ: ಕಾರಣ ತಿಳಿಸಿಲ್ಲ. ಸಾರ್ವಜನಿಕ ಹಣವನ್ನು ಕೇಳಿ ಪಡೆದು, ಬಳಸದೆ ಬಿಟ್ಟು, ಯಾಕೆ ಎಂದೂ ಹೇಳದಿರುವ ಸಂಗತಿಯನ್ನು ಇಷ್ಟು ತಣ್ಣಗೆ ಬರೆಯಲು ಲೆಕ್ಕಪರಿಶೋಧಕರಿಂದ ಮಾತ್ರ ಸಾಧ್ಯ. ಸತತ ಮೂರು ವರ್ಷದ ಪುಸ್ತಕ ತೆರೆದು ಒಂದೇ ಉಪಶೀರ್ಷಿಕೆಯಲ್ಲಿ ಈ ವಾಕ್ಯ ಇದೆಯೇ ನೋಡಿ. ಇದ್ದರೆ ತಪ್ಪು ಅಂದಾಜಿನಲ್ಲಿದೆ, ಅನುಷ್ಠಾನದಲ್ಲಲ್ಲ: ಆಗದ ಕೆಲಸಕ್ಕೆ ಪ್ರತಿವರ್ಷ ಹಣ ಇಡುತ್ತಿದ್ದಾರೆ.

ದೊಡ್ಡ ಕೊರತೆ ಬೇರೆಯೇ ಇದೆ. ಈ ಪುಸ್ತಕದಲ್ಲಿ 'ವೆಚ್ಚ' ಎಂದರೆ ಸರ್ಕಾರದ ಮುಖ್ಯ ಖಾತೆಯಾದ ಸಂಚಿತ ನಿಧಿಯಿಂದ ಹಣ ಹೊರಬಿದ್ದದ್ದು, ಅಷ್ಟೇ. ಕೆಲಸ ಆಯಿತು ಎಂದಲ್ಲ. ಮಾರ್ಚ್ ಕೊನೆಯಲ್ಲಿ ಹಣವನ್ನು 8443ರ ಕೆಳಗಿನ ವೈಯಕ್ತಿಕ ಠೇವಣಿ ಖಾತೆಗೆ, ಅಂದರೆ ಅಧಿಕಾರಿಯ ಹೆಸರಲ್ಲಿ ಖಜಾನೆಯಲ್ಲೇ ಇರುವ ಪಿಡಿ ಖಾತೆಗೆ, ಹಾಕಿದರೂ ವೆಚ್ಚ. ನಿಗಮವೊಂದಕ್ಕೆ ಸಹಾಯಧನವಾಗಿ ಕೊಟ್ಟು ಅದು ಬ್ಯಾಂಕಿನಲ್ಲಿ ಇಟ್ಟುಕೊಂಡರೂ ವೆಚ್ಚ. ಸಂಕ್ಷಿಪ್ತ ಸಾದಿಲ್ವಾರು ಬಿಲ್, ಎಲ್ಲರೂ ಎಸಿ ಬಿಲ್ ಎನ್ನುವುದು, ಅದರಲ್ಲಿ ಮುಂಗಡ ಸೆಳೆದು ವಿವರದ ಎನ್‌ಡಿಸಿ ಬಿಲ್ ಕೊಡದೇ ಇದ್ದರೂ ವೆಚ್ಚ. ಶೇ. 98 ಸಾಧನೆ ಎಂದು ಇಲಾಖೆ ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ಮಾರ್ಚ್ ಒಂದೇ ತಿಂಗಳಲ್ಲಿ ಎಷ್ಟು ಹೋಯಿತು ಎನ್ನುವುದು. ಎರಡನೆಯದು, ಕೊಟ್ಟ ಅನುದಾನ ಬಳಕೆಯಾಯಿತು ಎಂದು ಪಡೆದವರು ಕೊಡುವ ಬಳಕೆ ಪ್ರಮಾಣಪತ್ರ ಎಷ್ಟು ಬಾಕಿ ಎಂದು. ಎರಡಕ್ಕೂ ಉತ್ತರ ಹುಡುಕಲು ರಾಜ್ಯ ಹಣಕಾಸು ಲೆಕ್ಕಪರಿಶೋಧನಾ ವರದಿ ಬೇಕು. ಆದ್ದರಿಂದ ಈ ಪುಸ್ತಕವನ್ನೂ ಆ ವರದಿಯನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಪರಿಶಿಷ್ಟರ ಉಪಯೋಜನೆ ಹಿಂಬಾಲಿಸುವವರಿಗೆ ಇದು ಇನ್ನೂ ಮುಖ್ಯ. ಈ ಉಪಯೋಜನೆಗಳ ಬಗೆಗಿನ ಕರ್ನಾಟಕದ 2013ರ ಅಧಿನಿಯಮ ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ಶೇ. 24.1, ಮೀಸಲಿಡಲು ಹೇಳುತ್ತದೆ. ರಸ್ತೆ, ಸೇತುವೆಯಂಥ ಸಾಮಾನ್ಯ ಕಾಮಗಾರಿಯಲ್ಲೂ ಇವರ ಪಾಲಿದೆ ಎಂದು 'ಭಾವಿಸಿ' ಲೆಕ್ಕ ತೋರಿಸಲು ಬಿಡುತ್ತಿದ್ದ 7(ಡಿ) ಕಲಂ 2023ರ ತಿದ್ದುಪಡಿಯಲ್ಲಿ ಹೋಯಿತು. ಆದರೆ ಮೀಸಲಿಟ್ಟದ್ದು ಬಜೆಟ್ ಪುಸ್ತಕದಲ್ಲಿ, ಖರ್ಚಾದದ್ದು ಧನವಿನಿಯೋಗ ಲೆಕ್ಕದಲ್ಲಿ. 789, 796ರ ಜೊತೆ ಇದೇ ಉಪಯೋಜನೆಗಳ ಉದ್ದೇಶ ಶೀರ್ಷಿಕೆ 422, 423ರ ಸಾಲುಗಳನ್ನೂ ಸೇರಿಸಿ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಡದೆ ಚಿತ್ರ ಪೂರ್ಣವಾಗುವುದಿಲ್ಲ.

ಪುಸ್ತಕ ಬರುವ ಹೊತ್ತಿನ ಬಗ್ಗೆ ಒಳ್ಳೆಯ ಮಾತು ಹೇಳುವುದು ಕಷ್ಟ. 151ನೇ ವಿಧಿಯಲ್ಲಿ ಮಂಡನೆಗೆ ಗಡುವಿಲ್ಲ. ಸದನದಲ್ಲಿ ಮಂಡಿಸುವವರೆಗೆ ತಾಣಕ್ಕೂ ಏರುವುದಿಲ್ಲ. ಲೆಕ್ಕ ಕೈಗೆ ಬರುವಷ್ಟರಲ್ಲಿ ಎಷ್ಟೋ ಸಲ ಮುಂದಿನ ಬಜೆಟ್ ನಡೆಯುತ್ತಿರುತ್ತದೆ. ಅನುದಾನದ ಬೇಡಿಕೆ ಚರ್ಚಿಸುವ ದಿನ ಶಾಸಕರ ಕೈಯಲ್ಲಿ ಇರಬೇಕಾದದ್ದು ಆಗ ಇರುವುದಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ.

ಆಮೇಲಿನ ಕೆಲಸ ಶಾಸಕರೇ ಇರುವ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯದು. ಲೆಕ್ಕಪರಿಶೋಧನಾ ವರದಿ ಮಂಡನೆಯಾದ ನಾಲ್ಕು ತಿಂಗಳೊಳಗೆ ಇಲಾಖೆಗಳು ಪ್ರತಿ ಕಂಡಿಕೆಗೂ ಇಲಾಖಾ ಟಿಪ್ಪಣಿ ಕೊಡಬೇಕೆಂದು ಕರ್ನಾಟಕದ ಸಮಿತಿಯ 1999ರ ಆಂತರಿಕ ನಿಯಮಗಳು ಹೇಳುತ್ತವೆ. ಸಮಿತಿ ಆರಿಸಿದ ಕಂಡಿಕೆಗಳ ಮೇಲೆ ಇಲಾಖೆಯ ಕಾರ್ಯದರ್ಶಿ ಬಂದು ಉತ್ತರಿಸುತ್ತಾರೆ. ಸಂಸತ್ತಿನ ಸಮಿತಿಯ ಕ್ರಮವೂ ಇದೇ. 22 ಜನರ ಆ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರು, ಮಂತ್ರಿಗಳಿಗೆ ಪ್ರವೇಶವಿಲ್ಲ. ಕಾಗದದ ಮೇಲೆ ಒಳ್ಳೆಯ ಏರ್ಪಾಡು. ಆದರೆ ಕಾರ್ಯದರ್ಶಿ ಏನು ಹೇಳಿದರು ಎಂಬುದನ್ನು ಕೂತು ಕೇಳುವ ಅವಕಾಶ ಜನರಿಗಿಲ್ಲ, ಸಭೆ ಮುಚ್ಚಿದ ಬಾಗಿಲ ಹಿಂದೆ. ಬ್ರಿಟನ್‌ನಲ್ಲಿ 1861ರಿಂದ ಇರುವ ಇದೇ ಹೆಸರಿನ ಸಮಿತಿ ಸಾಕ್ಷ್ಯವನ್ನು ಬಹಿರಂಗವಾಗಿ ಕೇಳುತ್ತದೆ, ಮಾತಿನ ದಾಖಲೆ ಪ್ರಕಟಿಸುತ್ತದೆ, ಸರ್ಕಾರದ ಉತ್ತರವೂ ಬಹಿರಂಗವಾಗಿಯೇ ಬರುತ್ತದೆ. ನಮ್ಮಲ್ಲಿ ಒಂದು ಕಂಡಿಕೆಯ ಕೊನೆ ಏನಾಯಿತು ಎಂದು ತಿಳಿಯಲು ಸಮಿತಿಯ ವರದಿ ಬರುವವರೆಗೆ ಕಾಯಬೇಕು. ಬಂದ ಮೇಲೂ ಅದು ಯಾವ ವರ್ಷದ ಯಾವ ಕಂಡಿಕೆಗೆ ಸಂಬಂಧಿಸಿದ್ದು ಎಂದು ಓದುಗರೇ ಜೋಡಿಸಿಕೊಳ್ಳಬೇಕು. ಪುಸ್ತಕಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಅದರ ನಂತರದ ಸೇವೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸಾಗದು.

'ಕಾರಣ ತಿಳಿಸಿಲ್ಲ' ಎಂಬಲ್ಲಿ ನಿಂತವರಿಗೆ ಮಾಹಿತಿ ಹಕ್ಕು ಅರ್ಜಿ ಉಳಿದಿದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 'ಹಣ ಯಾಕೆ ಖರ್ಚಾಗಲಿಲ್ಲ' ಎಂದು ಬರೆದರೆ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ ಎಂಬ ಹಿಂಬರಹದೊಂದಿಗೆ ವಾಪಸು ಬರುತ್ತದೆ. ಸಮಿತಿಗೆ ಕೊಟ್ಟ ಟಿಪ್ಪಣಿಯ ಪ್ರತಿ ಕೇಳಿದರೆ ಶಾಸಕಾಂಗದ ಹಕ್ಕುಚ್ಯುತಿಯ 8(1)(ಸಿ) ಕಲಂ ತೋರಿಸಬಹುದು. ಅದರ ಬದಲು ಇಲಾಖೆಯ ಸ್ವಂತ ಕಡತಗಳನ್ನೇ ಕೇಳಿ: 15 ಅಂಕಿಯ ಶೀರ್ಷಿಕೆ ಮತ್ತು ವರ್ಷ ನಮೂದಿಸಿ, ಆ ಶೀರ್ಷಿಕೆಯ ಅಧ್ಯರ್ಪಣಾ ಆದೇಶ, ಪುನರ್ವಿನಿಯೋಗ ಆದೇಶ, ಪೂರಕ ಅಂದಾಜಿಗೆ ಕಳಿಸಿದ ಪ್ರಸ್ತಾವನೆ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಮಾಸಿಕ ವೆಚ್ಚದ ತಖ್ತೆ. 30 ದಿನದಲ್ಲಿ ಬರದಿದ್ದರೆ ಮೊದಲ ಮೇಲ್ಮನವಿ. ಪೂರಕ ಅಂದಾಜಿನ ಪ್ರಸ್ತಾವನೆಯ ದಿನಾಂಕವನ್ನು ಆ ತಿಂಗಳವರೆಗಿನ ವೆಚ್ಚದ ಪಕ್ಕ ಇಟ್ಟು ನೋಡಿ. ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಇರುವಾಗಲೇ ಇನ್ನಷ್ಟು ಕೇಳಿದ್ದರೆ, ಪುಸ್ತಕ ಹೇಳದೆ ಬಿಟ್ಟ ಕಾರಣದ ಹೆಚ್ಚಿನ ಪಾಲು ಆ ಎರಡು ಹಾಳೆಯಲ್ಲೇ ಇರುತ್ತದೆ.