ಹೊಟ್ಟೆ ಕೆಟ್ಟ ನಾಲ್ಕು ದಿನ: ಗಂಜಿ, ಪ್ಯಾಕು, ಬ್ರೆಡ್ಡು, ಎಳನೀರು

ಹೊಟ್ಟೆ ಕೆಟ್ಟಾಗ ಯಾವುದನ್ನು ತಿಂದರೆ, ಕುಡಿದರೆ ಒಳ್ಳೆಯದು ಅನ್ನುವ ಪೈಪೋಟಿಯಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಗಿ ಗಂಜಿಗೆ. ಊರು ಮಧುಗಿರಿ ಕಡೆ, ಬೆಳೆದದ್ದು ಮುದ್ದೆ ನುಂಗಿ, ಹಾಗಾಗಿ ಪಕ್ಷಪಾತ ಇಲ್ಲ ಅಂತ ಆಣೆ ಮಾಡಲಾರೆ. ಆದರೆ 2025ರ ಶ್ರಾವಣದಲ್ಲಿ ತುಮಕೂರಿನ ಬಾಡಿಗೆ ರೂಮಿನಲ್ಲಿ ಜ್ವರ, ವಾಂತಿ, ಭೇದಿ ಮೂರನ್ನೂ ಒಟ್ಟಿಗೆ ಕಟ್ಟಿಕೊಂಡು ಮಲಗಿದ್ದಾಗ ಗಂಜಿಗೆ ಕೈಹಾಕಿದ್ದು ತಡವಾಗಿ, ಎರಡನೇ ದಿನ ಸಂಜೆ. ಅಷ್ಟರಲ್ಲಿ ದುಡ್ಡು ಕೊಟ್ಟು ತಂದದ್ದನ್ನೆಲ್ಲ ಹೊಟ್ಟೆ ವಾಪಸ್ ಕಳಿಸಿ ಆಗಿತ್ತು.

ಮೊದಲನೇ ರಾತ್ರಿ ಎಂಟೂವರೆ. ನಿಂತರೆ ಕಾಲು ನಡುಗುತ್ತಿತ್ತು. ಬೀದಿ ತುದಿಯ ಮೆಡಿಕಲ್ಸ್‌ನಲ್ಲಿ ಓಆರ್‌ಎಸ್ ಕೇಳಿದೆ, ಅದೇ, ಭೇದಿಯಲ್ಲಿ ಕಳೆದ ನೀರು-ಲವಣ ತುಂಬಿಸುವ ಉಪ್ಪು-ಗ್ಲೂಕೋಸ್ ಮಿಶ್ರಣ. "ಪೌಡರಾ ಸಾರ್, ರೆಡಿ ಇರೋದಾ?" ಅಂದ ಕೌಂಟರಿನ ಹುಡುಗ. ನೀರು ಕಾಯಿಸಿ ಆರಿಸುವಷ್ಟು ತ್ರಾಣ ಯಾರಿಗಿತ್ತು? ರೆಡಿ ಇರೋದೇ ಕೊಡಪ್ಪ ಅಂದೆ. ಕಿತ್ತಳೆ ಹಣ್ಣಿನ ಚಿತ್ರವಿದ್ದ ನಾಲ್ಕು ಟೆಟ್ರಾ ಪ್ಯಾಕ್ ಕೊಟ್ಟು 140 ರೂಪಾಯಿ ತೆಗೆದುಕೊಂಡ. ಬಿಲ್ ನಾನು ಕೇಳಲಿಲ್ಲ, ಅವನೂ ಕೊಡಲಿಲ್ಲ.

ಬಂದವನೇ ಎರಡು ಪ್ಯಾಕ್ ಒಂದರ ಹಿಂದೆ ಒಂದು ಕುಡಿದೆ. ತಣ್ಣಗೆ, ಸಿಹಿಯಾಗಿ ಇಳಿಯಿತು, ಜೀವ ಬಂದಂತಾಯಿತು. ಅರ್ಧ ಗಂಟೆ ಆಗಿರಲಿಲ್ಲ, ಹೊಟ್ಟೆಯಲ್ಲಿ ಯಾರೋ ನಲ್ಲಿ ತಿರುಗಿಸಿದ ಹಾಗೆ ಶುರುವಾಯಿತು. ಬೆಳಗಿನ ಜಾವದ ತನಕ ಎಷ್ಟು ಸಲ ಎದ್ದೆನೋ, ಏಳರ ನಂತರ ಲೆಕ್ಕ ಬಿಟ್ಟೆ.

ಬೆಳಿಗ್ಗೆ ಮಲಗಿದಲ್ಲೇ ಖಾಲಿ ಪ್ಯಾಕನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆ. ಮುಂದುಗಡೆ ಹೆಸರಿನಲ್ಲೇ ಓಆರ್‌ಎಸ್ ಅಂತ ಹೆಬ್ಬೆರಳು ದಪ್ಪದ ಅಕ್ಷರ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸೂತ್ರದ ಓಆರ್‌ಎಸ್ ಅಲ್ಲ ಅಂತ. ನೂರು ಮಿಲಿಗೆ ಸಕ್ಕರೆ 11 ಗ್ರಾಂ, ಅಂದರೆ 200 ಮಿಲಿಯ ಒಂದು ಪ್ಯಾಕಿಗೆ 22 ಗ್ರಾಂ. ನಿಜವಾದ ಓಆರ್‌ಎಸ್ ಪುಡಿಯಲ್ಲಿ ಇಡೀ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ. ಉಪ್ಪು ಮತ್ತು ಗ್ಲೂಕೋಸ್ ಹದವಾಗಿ ಜೊತೆಗಿದ್ದರೆ ಕರುಳು ಅವೆರಡನ್ನೂ ಒಳಗೆ ಎಳೆದುಕೊಳ್ಳುತ್ತದೆ, ಬೆನ್ನಿಗೇ ನೀರೂ ಹೋಗುತ್ತದೆ. ಸಕ್ಕರೆ ಹದ ಮೀರಿದರೆ ಉಲ್ಟಾ, ಮೈಯಲ್ಲಿರುವ ನೀರೇ ಕರುಳಿಗೆ ಇಳಿದುಬರುತ್ತದೆ. ನನ್ನ ರಾತ್ರಿ ಕೆಟ್ಟದ್ದು ಪೂರ್ತಿ ಪ್ಯಾಕಿನಿಂದಲೇ ಅಂತ ಹೇಳಲಾರೆ, ಕಾಯಿಲೆ ಅದರ ಪಾಡಿಗೆ ಅದು ಇತ್ತಲ್ಲ. ಆದರೆ ಬೆಂಕಿಗೆ ತುಪ್ಪ ಹುಯ್ಯಲು 140 ರೂಪಾಯಿ ಕೊಟ್ಟೆನಲ್ಲ ಅನ್ನುವ ಉರಿ ಮಾತ್ರ ಇನ್ನೂ ಆರಿಲ್ಲ.

1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿದ್ದು ಉಪ್ಪು-ಗ್ಲೂಕೋಸಿನ ಇದೇ ಜೋಡಿಯ ಬಲದಿಂದ. ಅಂಥ ಓಆರ್‌ಎಸ್ ಹೆಸರನ್ನು ಜ್ಯೂಸಿಗೆ ಅಂಟಿಸಿ ಮಾರುವುದು ಅಂದರೆ! ನಾನು ಎದ್ದು ಓಡಾಡುವಂತಾದ ಮೇಲೆ, ಆ ಅಕ್ಟೋಬರ್‌ನಲ್ಲಿ, ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಇರಕೂಡದು ಅಂತ ಆದೇಶ ಮಾಡಿತು. ನನಗೆ ಎರಡು ತಿಂಗಳು ತಡ.

ಎರಡನೇ ದಿನ ಡಾಕ್ಟರು ಬರೆದುಕೊಟ್ಟದ್ದು ಅಸಲಿ ಪುಡಿ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ರುಚಿ ಕಣ್ಣೀರಿನದ್ದು. ಕೆಲಸ ಮಾಡಿತು. ಅದನ್ನು ಔಷಧಿ ಸಾಲಿಗೆ ಸೇರಿಸಿ ಪೈಪೋಟಿಯಿಂದ ಹೊರಗಿಟ್ಟಿದ್ದೇನೆ.

ಬ್ರೆಡ್ಡು-ಹಾಲು ತಂದದ್ದು ಕೆಲಸದ ಜಾಗದ ಗೆಳೆಯ. ಯಾರು ಮಲಗಿದರೂ ಬ್ರೆಡ್ಡು, ಮೂಸಂಬಿ ಹಿಡಿದು ಬರುವುದು ನಮ್ಮಲ್ಲಿ ರೂಢಿಯಲ್ಲವೆ. ಹಾಲು ಹತ್ತು ನಿಮಿಷವೂ ನಿಲ್ಲಲಿಲ್ಲ. ಭೇದಿಯಾಗುವಾಗ ಕರುಳಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕುಗ್ಗಿರುತ್ತದಂತೆ. ಬರೀ ಬ್ರೆಡ್ಡು ಬಾಯಲ್ಲಿ ಹಿಟ್ಟಾಗಿ ಅಂಟಿಕೊಂಡಿತು.

ಎಳನೀರಿಗೆ ಬೈಯಲು ಬಾಯಿ ಬರುವುದಿಲ್ಲ, ತಿಪಟೂರಿನ ಜಿಲ್ಲೆಯಲ್ಲಿದ್ದುಕೊಂಡು ಬೈದರೆ ಯಾರು ಬಿಡುತ್ತಾರೆ. ವಾಂತಿಯ ನಂತರ ಬಾಯಿ ಕಹಿಯಾಗಿರುವಾಗ ಅದರಷ್ಟು ಹಿತ ಯಾವುದೂ ಇಲ್ಲ. ಆದರೆ ತೆಂಗಿನ ನಾಡಲ್ಲೇ ಒಂದಕ್ಕೆ 60 ರೂಪಾಯಿ ಕೊಟ್ಟೆ. ದಿನಕ್ಕೆ ಮೂರು ಕುಡಿದರೆ ನನ್ನ ಸಂಬಳಕ್ಕೆ ಅದೇ ಒಂದು ಕಾಯಿಲೆ. ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಹಾಗಾಗಿ ಅದೊಂದನ್ನೇ ನಂಬಿ ಕೂರುವಂತೆಯೂ ಇಲ್ಲ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಗುಣವಾದ ಮೇಲಿನ ಊಟ. ಆ ಬೆಣ್ಣೆ ನೋಡಿದರೇ ಹೊಟ್ಟೆ ತೊಳಸಿತು.

ಮೆಣಸಿನ ಸಾರು ಕೆಳಗಿನ ಮನೆ ಓನರ್ ಆಂಟಿಯದು. ಮೂರನೇ ದಿನ ಸ್ಟೀಲ್ ಡಬ್ಬಿಯಲ್ಲಿ ಬಿಸಿಬಿಸಿ ಕೊಟ್ಟು ಕಳಿಸಿದರು. ಮುಚ್ಚಳ ತೆಗೆದಾಗ ಮೆಣಸು, ಜೀರಿಗೆ, ಒಗ್ಗರಣೆ ಇಂಗಿನ ಘಮಕ್ಕೇ ಕಟ್ಟಿದ ಮೂಗು ಬಿಟ್ಟಿತು. ರುಚಿಗೆ ನಂಬರ್ ಕೊಡುವುದಾದರೆ ಅದಕ್ಕೇ ಒಂದನೇ ಸ್ಥಾನ. ಬರೀ ನೆಗಡಿ-ಕೆಮ್ಮಾಗಿದ್ದರೆ ಈ ಬರಹವೇ ಬೇರೆ ಥರ ಇರುತ್ತಿತ್ತು. ಖಾಲಿ ಹೊಟ್ಟೆಗೆ ಮಾತ್ರ ಉರಿ ಹತ್ತಿಸಿತು.

ಇನ್ನು ಗಂಜಿ. ಎರಡನೇ ದಿನ ಸಂಜೆ ಫೋನಿನಲ್ಲಿ ನನ್ನ ದನಿ ಕೇಳಿಯೇ ಅಮ್ಮನಿಗೆ ಗೊತ್ತಾಯಿತು. ಹಬ್ಬಕ್ಕೆ ಹೋದಾಗ ಕಟ್ಟಿಕೊಟ್ಟಿದ್ದ ರಾಗಿ ಹಿಟ್ಟು ಡಬ್ಬಿಯಲ್ಲೇ ಇತ್ತು. ಮುದ್ದೆಗೆ ಹಾಕುವ ಹಾಗೆ ಕುದಿಯುವ ನೀರಿಗೆ ನೇರ ಹಿಟ್ಟು ಸುರಿದೆ. ಕಡಲೆಬೀಜದ ಗಾತ್ರದ ಗಂಟುಗಳು ತೇಲಿದವು, ಒಡೆದರೆ ಒಳಗೆ ಒಣ ಹಿಟ್ಟು. ಅದನ್ನು ಚೆಲ್ಲಿ ಮತ್ತೆ ಫೋನ್ ಮಾಡಿದೆ. "ಲೋ, ತಣ್ಣೀರಲ್ಲಿ ಕದಡ್ಕೊಂಡು ಹುಯ್ಯೋ. ಅಷ್ಟೂ ಗೊತ್ತಿಲ್ವೇನೋ ನಿಂಗೆ?" ಅಂದಳು.

ಎರಡು ಚಮಚ ಹಿಟ್ಟು, ಅರ್ಧ ಲೋಟ ತಣ್ಣೀರು. ಕದಡಿ, ಕುದಿಯುವ ಎರಡು ಲೋಟ ನೀರಿಗೆ ನಿಧಾನಕ್ಕೆ ಹುಯ್ದು ಕೈಬಿಡದೆ ತಿರುಗಿಸಬೇಕು. ಮೊದಲು ಮಣ್ಣುನೀರಿನ ಬಣ್ಣ. ಏಳೆಂಟು ನಿಮಿಷಕ್ಕೆ ಹಸಿ ವಾಸನೆ ಹೋಗಿ, ಬಣ್ಣ ಕಡುವಾಗಿ, ಮೇಲೆ ಒಂದು ಹೊಳಪು ಬರುತ್ತದೆ, ಗುಳ್ಳೆ 'ಪುಸಕ್' ಅಂತ ಒಡೆಯುತ್ತದೆ. ಆಗ ಉಪ್ಪು ಹಾಕಿ ಇಳಿಸಿದೆ. ಉಗುರುಬೆಚ್ಚಗಾದ ಮೇಲೆ ಚಮಚ ಚಮಚವಾಗಿ ಅರ್ಧ ಲೋಟ. ನಿಂತಿತು! ಒಂದು ಗಂಟೆ ಕಾದು ಇನ್ನರ್ಧ ಲೋಟ. ಅದೂ ನಿಂತಿತು. ಆ ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ. ಮಾರನೇ ದಿನದಿಂದ ನೀರು ಮಜ್ಜಿಗೆ, ಚಿಟಿಕೆ ಜೀರಿಗೆ ಪುಡಿ ಬೆರೆಸಿಕೊಂಡೆ.

ಗಂಜಿಯಲ್ಲೂ ಕೊಂಕಿದೆ. ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ತೀರಾ ಕೆಟ್ಟಿದ್ದರೆ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ಒಳ್ಳೆಯದು. ತಳ ಹಿಡಿದ ಪಾತ್ರೆ ಉಜ್ಜುವುದು ಕಾಯಿಲೆಯವನ ಕೆಲಸವಲ್ಲ. ಆಂಟಿಯ ವಾದ ಬೇರೆ: ಮೊದಲ ದಿನಕ್ಕೆ ಅಕ್ಕಿ ಗಂಜಿಯ ತಿಳಿಯೇ ಹಗುರ. ಇರಬಹುದು, ನನಗೆ ಅದು ಒಂದು ತಾಸಿಗೇ ಮತ್ತೆ ಹಸಿವು ತಂದಿತು. ಒಬ್ಬನೇ ಇರುವವನಿಗೆ, ಮಧ್ಯರಾತ್ರಿ ಅಂಗಡಿ ಬಾಗಿಲು ಹಾಕಿರುವಾಗ, ಊರಿಂದ ಪುಕ್ಕಟೆ ಹಿಟ್ಟು ಬರುವಾಗ ರಾಗಿಯೇ ಸರಿ. ಮನೆಯಲ್ಲಿ ಸಾರು ಮಾಡಿಕೊಡುವವರಿದ್ದರೆ ನಿಮ್ಮ ಲೆಕ್ಕ ನಿಮ್ಮದು.

ಈಗ ಹಿಟ್ಟಿನ ಡಬ್ಬಿಯ ಪಕ್ಕ ಅಸಲಿ ಓಆರ್‌ಎಸ್ ಪೊಟ್ಟಣ ಎರಡು ಇಟ್ಟಿದ್ದೇನೆ. ಕುಡಿಯದೆ ಉಳಿದಿದ್ದ ಎರಡು ಕಿತ್ತಳೆ ಪ್ಯಾಕನ್ನು ಬಿಲ್ ಇಲ್ಲ ಅಂತ ಮೆಡಿಕಲ್ಸ್‌ನವರು ವಾಪಸ್ ತೆಗೆದುಕೊಳ್ಳಲಿಲ್ಲ. ಆಂಟಿಯ ಮೊಮ್ಮಗ ಆಟ ಮುಗಿಸಿ ಬಂದವನು ನೋಡಿ ಕೇಳಿದ, ಕೊಟ್ಟೆ. ಜ್ಯೂಸು ತುಂಬಾ ಚೆನ್ನಾಗಿತ್ತಂತೆ.