ಹಳೇ ಕಾರಿಗೆ ಎಲ್‌ಇಡಿ ಟೇಲ್ ಲೈಟ್ ಮಾಡಿಸುವ ಮುಂಚೆ ಇದನ್ನೊಮ್ಮೆ ಓದಿ

2024ರ ಜುಲೈ, ಸಂಜೆ ಆರೂವರೆ. ಕುಣಿಗಲ್ ದಾಟಿ ಯಡಿಯೂರಿನ ಕಡೆ ಹೋಗುತ್ತಿದ್ದೆವು. ಜಿಟಿಜಿಟಿ ಮಳೆ. ಎಲ್ಲಿತ್ತೋ ಏನೋ, ಒಂದು ಎಮ್ಮೆ ರಸ್ತೆಗೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಎಮ್ಮೆ ಆರಾಮಾಗಿ ದಾಟಿಕೊಂಡು ಹೋಯಿತು. ಹಿಂದೆ ಬರುತ್ತಿದ್ದ ಲಗೇಜ್ ಗಾಡಿ ಮಾತ್ರ ನಿಲ್ಲಲಿಲ್ಲ. ಡಿಕ್ಕಿಗೇ ಡಿಕ್ಕಿ ಹೊಡೆಯಿತು.

ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬಂಪರ್ ಹೋಯಿತು, ಡಿಕ್ಕಿ ಬಾಗಿಲು ಸೊಟ್ಟಗಾಯಿತು. ಹಿಂದಿನಿಂದ ಗುದ್ದಿದವನದ್ದೇ ತಪ್ಪು ಅಂತ ನಾನು ಜೋರು ಮಾಡಲು ಇಳಿದೆ. ಆ ಡ್ರೈವರ್ ಕೂಗಾಡಲೂ ಇಲ್ಲ. "ಸಾರ್, ನೀವು ಬ್ರೇಕ್ ಹಾಕಿದ್ದು ಕಾಣಲೇ ಇಲ್ಲ. ಲೈಟು ಮೊದಲಿಂದಲೂ ಹಂಗೇ ಉರೀತಿತ್ತು" ಅಂದ. ಒಂದು ಕಡೆ ಲೈಟು ಇನ್ನೂ ಉಳಿದಿತ್ತು. ಭಾವನಿಗೆ ಬ್ರೇಕ್ ಒತ್ತಲು ಹೇಳಿ ನಾನೇ ಹಿಂದೆ ಹೋಗಿ ನಿಂತೆ. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. "ಒತ್ತಿ ಭಾವ" ಅಂತ ನಾನು ಕೂಗಿದರೆ, "ಒತ್ತೇ ಇದೀನಲ್ಲೋ" ಅಂತ ಒಳಗಿನಿಂದ ಉತ್ತರ. ನನ್ನ ಬಾಯಿ ಕಟ್ಟಿತು.

ಆ ಲೈಟಿಗೆ ನಾನು ಹದಿನೆಂಟು ಸಾವಿರ ಕೊಟ್ಟಿದ್ದೆ.

ಕಾರು ಅಪ್ಪನದ್ದು, 1999ರ ಮಾರುತಿ ಎಸ್ಟೀಮ್. ಇಪ್ಪತ್ತೈದು ವರ್ಷದ ಬಿಸಿಲಿಗೆ ಹಿಂದಿನ ಲೈಟುಗಳ ಕೆಂಪು ಮಾಸಿ ಒಂಥರಾ ಕಿತ್ತಳೆ ಆಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದೆ. ಕಂಪನಿ ಮಾಲು ಇಲ್ಲ, ಲೋಕಲ್ ಮಾಲು ತಂದರೆ ಸ್ಕ್ರೂ ಹಾಕುವ ಕಿವಿಯೇ ಕೂರುವುದಿಲ್ಲ. ಆ ಸಮಯಕ್ಕೆ ಸರಿಯಾಗಿ ಮೊಬೈಲಿನಲ್ಲಿ ಒಂದು ರೀಲ್ ಕಂಡಿತು. ಹಳೇ ಕಾರುಗಳ ಲೈಟು ಬಿಚ್ಚಿ, ಒಳಗೆ ಕೈಯಲ್ಲೇ ಎಲ್‌ಇಡಿ ಜೋಡಿಸಿ ಕೊಡುವ ಹುಡುಗ. ಕತ್ತಲಲ್ಲಿ ಉರಿಯುವ ಕೆಂಪು ಗೆರೆಗಳು, ಓಡುವ ಇಂಡಿಕೇಟರ್, ಹಿಂದೆ ಮ್ಯೂಸಿಕ್ಕು. ನಾನು ಬಿದ್ದುಹೋದೆ. ಫೋನ್ ಮಾಡಿದರೆ, "ಬ್ರೋ, ಎಲ್ಲಾ ಹ್ಯಾಂಡ್‌ಮೇಡ್ ಬ್ರೋ, ಲೈಫ್‌ಟೈಮ್ ಗ್ಯಾರಂಟಿ" ಅಂದ. ಬಲ್ಬಿಗಿಂತ ಎಲ್‌ಇಡಿ ಬೇಗ ಹತ್ತುತ್ತದೆ, ಹಿಂದಿನವರಿಗೆ ಬೇಗ ಕಾಣುತ್ತದೆ ಅಂತಲೂ ಹೇಳಿದ. ಅದು ಸುಳ್ಳಲ್ಲ. ಬಲ್ಬಿನ ತಂತಿ ಕಾದು ಬೆಳಗಲು ಸುಮಾರು 0.2 ಸೆಕೆಂಡು ಬೇಕು, ಎಲ್‌ಇಡಿಗೆ ಬೇಡ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಗಾಡಿ ನಾಲ್ಕು ಮೀಟರಿಗೂ ಜಾಸ್ತಿ ಹೋಗಿರುತ್ತದೆ. ನಿಜವಾದ ಮಾತಿನ ಜೊತೆ ಬಂದ ಸುಳ್ಳನ್ನು ನಾನೂ ನಂಬಿದೆ ಅಷ್ಟೆ.

ಹತ್ತು ಸಾವಿರ ಅಡ್ವಾನ್ಸ್ ಹಾಕಿದೆ. ಜನವರಿಯಲ್ಲಿ ಕಂಪನಿಯ ಒರಿಜಿನಲ್ ಜೋಡಿಯನ್ನೇ ಬಿಚ್ಚಿ ಕೊಟ್ಟೆ. ನಾನು ಮಾಡಿದ ದೊಡ್ಡ ದಡ್ಡತನ ಇದೇ. ಗುಜರಿಯಿಂದ ಒಂದು ಹಳೇ ಜೋಡಿ ತಂದು ಅದರ ಮೇಲೆ ಕೆಲಸ ಮಾಡು ಅನ್ನಬಹುದಿತ್ತು. ಹೊಳೆಯಲೇ ಇಲ್ಲ. ಮೂರು ವಾರ ಅಂದವನು ನಾಲ್ಕು ತಿಂಗಳು ಮಾಡಿದ. ಅಷ್ಟೂ ದಿನ ಕಾರು ಹಿಂದೆ ಎರಡು ತೂತು ಬಿಟ್ಟುಕೊಂಡು ಟಾರ್ಪಾಲ್ ಅಡಿ ನಿಂತಿತ್ತು. ಇಲಿಗಳಿಗೆ ಬಾಡಿಗೆ ಇಲ್ಲದ ಮನೆ.

ಮೇ ತಿಂಗಳಲ್ಲಿ ಬಂತು. ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಸಂಜೆ ಹಾಕಿ ನೋಡಿದರೆ ಬೀದಿಯ ಹುಡುಗರೆಲ್ಲ ಫೋಟೊ ತೆಗೆದರು. ಅಪ್ಪ ಕುರ್ಚಿಯಿಂದ ಏಳದೆಯೇ "ಮದುವೆ ಮನೆ ಸೀರಿಯಲ್ ಸೆಟ್ ಥರ ಇದೆ ಕಣೋ" ಅಂದರು. ನಾನು ಹೊಗಳಿಕೆ ಅಂದುಕೊಂಡೆ.

ವಾರದೊಳಗೆ ಇಂಡಿಕೇಟರ್ ಶುರು ಮಾಡಿತು. ಟಿಕ್‌ಟಿಕ್ ಅನ್ನಬೇಕಾದ್ದು ಟಿಟಿಟಿಟಿ ಅಂತ ಓಡತೊಡಗಿತು. ಹಳೇ ಕಾರಿನ ಫ್ಲ್ಯಾಷರ್, ಅಂದರೆ ಇಂಡಿಕೇಟರನ್ನು ಮಿನುಗಿಸುವ ಪುಟ್ಟ ಡಬ್ಬಿ, 21 ವ್ಯಾಟ್ ಬಲ್ಬಿಗೆ ಅಂತ ಮಾಡಿದ್ದು. ಎಲ್‌ಇಡಿ ಎಳೆಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಬಲ್ಬು ಹೋಗಿದೆ ಅಂತ ಫ್ಲ್ಯಾಷರ್ ತಿಳಿಯುತ್ತದೆ. ಸರಿಯಾದ ಪರಿಹಾರ ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ಹಾಕುವುದು, ಕೆಲವೇ ನೂರು ರೂಪಾಯಿ. ಆ ಹುಡುಗ ಮಾಡಿದ್ದು ಬೇರೆ. ಬಲ್ಬಿನ ಹಾಗೇ ಕರೆಂಟು ಎಳೆದು ಫ್ಲ್ಯಾಷರನ್ನು ನಂಬಿಸಲು, 6 ಓಮ್, 50 ವ್ಯಾಟಿನ ಚಿನ್ನದ ಬಣ್ಣದ ಎರಡು ರೆಸಿಸ್ಟರ್ ಕಳಿಸಿ "ಡಿಕ್ಕಿಯೊಳಗೆ ಕಟ್ಟಿಬಿಡಿ ಬ್ರೋ" ಅಂದ. ಕಟ್ಟಿದೆ, ಕೇಬಲ್ ಟೈನಲ್ಲಿ, ಡಿಕ್ಕಿಯ ಪಕ್ಕದ ಕಾರ್ಪೆಟ್ ಮೇಲೆ.

ಇಲ್ಲಿ ಸ್ವಲ್ಪ ಲೆಕ್ಕ ನೋಡಿ. ಎಂಜಿನ್ ಓಡುವಾಗ 14 ವೋಲ್ಟ್ ಇರುತ್ತದೆ. 6 ಓಮ್ ರೆಸಿಸ್ಟರ್ ಉರಿದಾಗೆಲ್ಲ ಮೂವತ್ತು ವ್ಯಾಟಿಗೂ ಜಾಸ್ತಿ ಶಾಖ. ಸೋಲ್ಡರಿಂಗ್ ಐರನ್ ಎಷ್ಟು ಬಿಸಿ ಅಂತ ಗೊತ್ತಲ್ವಾ, ಹೆಚ್ಚೂಕಡಿಮೆ ಅಷ್ಟೇ ವ್ಯಾಟಿನದ್ದು. 50 ವ್ಯಾಟ್ ಅಂತ ಮೇಲೆ ಬರೆದಿರುವುದು ದಪ್ಪ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸಿದರೆ ಮಾತ್ರ. ತಿರುವಿನಲ್ಲಿ ಹತ್ತು ಸೆಕೆಂಡು ಇಂಡಿಕೇಟರ್ ಹಾಕಿದರೆ ಏನೂ ತಿಳಿಯುವುದಿಲ್ಲ. ನಾವು ಒಮ್ಮೆ ಪಂಕ್ಚರ್ ಆಗಿ, ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಹಾಕಿಕೊಂಡು ಅರ್ಧ ಗಂಟೆ ನಿಂತೆವು. ಸ್ಟೆಪ್ನಿ ತೆಗೆಯಲು ಡಿಕ್ಕಿ ತೆರೆದಿಟ್ಟಿದ್ದೇ ಒಳ್ಳೆಯದಾಯಿತು. ಸುಟ್ಟ ಪ್ಲಾಸ್ಟಿಕ್ ವಾಸನೆ. ಕಾರ್ಪೆಟ್ ಕರಗಿ ಕಪ್ಪಾಗಿತ್ತು, ಪಕ್ಕದ ವೈರಿನ ಸಿಪ್ಪೆ ಮೆತ್ತಗಾಗಿತ್ತು. ಎಸ್ಟೀಮ್‌ನಲ್ಲಿ ಪೆಟ್ರೋಲ್ ಹಾಕುವ ಪೈಪೂ ಅದೇ ಹಿಂಬದಿಯಲ್ಲೇ ಇಳಿಯುವುದು ಅಂತ ಆಮೇಲೆ ನೆನಪಾಗಿ ಬೆವರಿದೆ.

ಆಗಲೇ ಎಲ್ಲ ಕಿತ್ತು ಬಿಸಾಕಬೇಕಿತ್ತು. ರೆಸಿಸ್ಟರ್ ಮಾತ್ರ ಕಿತ್ತೆ. ದುಡ್ಡು ಕೊಟ್ಟ ಮೇಲೆ ವಸ್ತು ಕೆಟ್ಟದ್ದು ಅಂತ ಒಪ್ಪಲು ಮನಸ್ಸು ಬರುವುದಿಲ್ಲ, ಏನು ಮಾಡುವುದು.

ಜೂನ್ ಮಳೆಗೆ ಲೆನ್ಸಿನ, ಅಂದರೆ ಲೈಟಿನ ಕೆಂಪು ಪ್ಲಾಸ್ಟಿಕ್ ಮುಚ್ಚಳದ, ಒಳಗೆ ಮಂಜು ಹಿಡಿಯಿತು. ಆಮೇಲೆ ಹನಿ. ಆಮೇಲೆ ಅಲ್ಲಲ್ಲಿ ಮೂರು ಮೂರು ಎಲ್‌ಇಡಿ ಸತ್ತವು. ಯಾವಾಗಲೂ ಮೂರೇ ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಅಪಘಾತ ಆದ ಮೇಲೆ ಉಳಿದ ಲೈಟನ್ನು ನಮ್ಮೂರಿನ ಟಿವಿ ರಿಪೇರಿ ಅಣ್ಣನ ಹತ್ತಿರ ಒಯ್ದೆ. ಅವರು ಮೂವತ್ತು ವರ್ಷ ಸೋಲ್ಡರ್ ಹೊಗೆ ಕುಡಿದವರು. ಲೆನ್ಸ್ ತೆಗೆದ ತಕ್ಷಣ ಮೂಗಿಗೆ ಹಿಡಿದು, "ವಿನಿಗರ್ ವಾಸನೆ ಬರ್ತಿದೆ ನೋಡಿ" ಅಂದರು. ಬಾತ್‌ರೂಮಿಗೆ ಬಳಸುವ ಅಗ್ಗದ ಸಿಲಿಕೋನ್ ಅಂಟು ಅಂತೆ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನೂ ಸೋಲ್ಡರನ್ನೂ ತಿನ್ನುತ್ತದೆ. ಬೋರ್ಡಿನ ಮೇಲೆಲ್ಲ ಹಸಿರು ಪಾಚಿ ಹಿಡಿದ ಹಾಗಿತ್ತು. ಎಲೆಕ್ಟ್ರಾನಿಕ್ಸ್‌ಗೆ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಬಳಸಬೇಕು. ಜೊತೆಗೆ ಆ ಹುಡುಗ ಕಂಪನಿಯವರು ಬಿಟ್ಟಿದ್ದ ಗಾಳಿಯ ಸಣ್ಣ ತೂತನ್ನೂ ಕಸ ಅಂದುಕೊಂಡು ಮುಚ್ಚಿದ್ದ. ಒಳಗೆ ಹೋದ ತೇವಕ್ಕೆ ಹೊರಗೆ ಬರುವ ದಾರಿಯೇ ಇಲ್ಲ.

ಮೂರರ ಗುಟ್ಟನ್ನೂ ಅವರೇ ಬಿಡಿಸಿದರು. ಒಂದು ಕೆಂಪು ಎಲ್‌ಇಡಿಗೆ ಸುಮಾರು 2.1 ವೋಲ್ಟ್ ಬೇಕು. ಮೂರನ್ನು ಸಾಲಾಗಿ ಪೋಣಿಸಿ ಒಂದು ರೆಸಿಸ್ಟರ್ ಹಾಕಿದ್ದಾನೆ. ಒಂದು ಸತ್ತರೆ ಮೂರೂ ಕತ್ತಲು. ಲೆಕ್ಕ ಹಾಕಿದ್ದು 12 ವೋಲ್ಟಿಗೆ, ಆಗ 20 ಮಿಲಿ ಆಂಪಿಯರ್ ಹರಿಯುತ್ತದೆ. ಟೇಬಲ್ ಮೇಲೆ ಚೆನ್ನಾಗಿಯೇ ಉರಿಯುತ್ತದೆ, ರೀಲಿಗೂ ಸಾಕು. ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14.4 ವೋಲ್ಟ್ ಕೊಡುವಾಗ ಅದೇ ಸಾಲಿನಲ್ಲಿ 28 ಮಿಲಿ ಆಂಪಿಯರ್ ಹರಿಯುತ್ತದೆ. ಇಂಥ ಸಣ್ಣ ಎಲ್‌ಇಡಿ ತಡೆಯುವುದು ಸಾಮಾನ್ಯವಾಗಿ 20. ಜೊತೆಗೆ ಬಿಸಿಲಲ್ಲಿ ಮುಚ್ಚಿದ ಡಬ್ಬಿ, ಶಾಖ ಎಳೆದುಕೊಳ್ಳಲು ಅಲ್ಯೂಮಿನಿಯಂ ಬೋರ್ಡ್ ಇಲ್ಲ. "ಅದು ಸಾಯಲೇಬೇಕು, ಪಾಪ ಅದರ ತಪ್ಪಿಲ್ಲ" ಅಂದರು.

ಈಗ ಬ್ರೇಕ್ ಲೈಟಿನ ವಿಷಯ. ಈ ಬರಹ ಬರೆಯಲು ಕಾರಣವೇ ಇದು.

ಹಳೇ ಕಾರಿನ ಹಿಂದೆ ಇರುವುದು 21/5 ವ್ಯಾಟಿನ ಬಲ್ಬು, ಒಂದೇ ಗಾಜಿನಲ್ಲಿ ಎರಡು ತಂತಿ. ಚಿಕ್ಕದು ರಾತ್ರಿ ಉರಿಯಲು, ಸುಮಾರು 35 ಲ್ಯೂಮೆನ್ ಬೆಳಕು. ದೊಡ್ಡದು ಬ್ರೇಕಿಗೆ, ಸುಮಾರು 440. ಅಂದರೆ ಬ್ರೇಕ್ ಒತ್ತಿದ ಕೂಡಲೇ ಬೆಳಕು ಹತ್ತು ಪಟ್ಟಿಗೂ ಜಾಸ್ತಿ ಏರುತ್ತದೆ. ಹಿಂದಿನವನ ಕಾಲು ಅವನ ಬ್ರೇಕಿಗೆ ಹೋಗುವುದು ಆ ಏರಿಕೆ ನೋಡಿ. ಬರೀ ಕೆಂಪು ನೋಡಿ ಅಲ್ಲ. ನನ್ನ ಲೈಟಿನಲ್ಲಿ ಎರಡಕ್ಕೂ ಅವೇ ಎಲ್‌ಇಡಿ, ನಡುವೆ ಒಂದು ರೆಸಿಸ್ಟರ್. ಸುಮ್ನೆ ಉರಿಯುವಾಗಲೇ ಬೆಳಕು ಮುಕ್ಕಾಲು ಪಾಲು. ಬ್ರೇಕ್ ಒತ್ತಿದರೆ ಏರಲು ಉಳಿದಿದ್ದು ಕಾಲು ಪಾಲು. ಯಾಕೆ ಹಾಗೆ ಮಾಡಿದ ಅಂತ ಯೋಚಿಸಿದರೆ ಉತ್ತರ ಸುಲಭ. ರೀಲಿನಲ್ಲಿ ಜನ ನೋಡುವುದು ನಿಂತ ಕಾರಿನ ಟೇಲ್ ಲೈಟನ್ನು. ಅದು ಮಂಕಾಗಿದ್ದರೆ ಯಾರು ದುಡ್ಡು ಕೊಡುತ್ತಾರೆ? ನಮ್ಮ ಕಾರಿನ ಹಿಂದಿನ ಗಾಜಿನಲ್ಲಿ ಮೂರನೇ ಬ್ರೇಕ್ ಲೈಟೂ ಇಲ್ಲ.

ಇನ್ನೊಂದು ನನಗೆ ಆಮೇಲೆ ಕಂಡಿದ್ದು. ಆ ಸಣ್ಣ ಎಲ್‌ಇಡಿಗಳು ಬೆಳಕನ್ನು ನೇರಕ್ಕೆ ಮಾತ್ರ ಎಸೆಯುತ್ತವೆ. ಎದುರಿಗೆ ನಿಂತರೆ ಕಣ್ಣು ಕುಕ್ಕುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಲೈಟೇ ಇಲ್ಲ. ಬಲ್ಬಿನ ಬೆಳಕನ್ನು ಪಕ್ಕಕ್ಕೂ ಹರಡಲೆಂದೇ ಲೆನ್ಸಿನಲ್ಲಿ ಗೆರೆ, ಗುಳಿಗಳನ್ನು ಮಾಡಿರುತ್ತಾರೆ. ಅವನು ಅದನ್ನು ಉಜ್ಜಿ ನುಣುಪು ಮಾಡಿದ್ದ, ಕ್ಲೀನ್ ಲುಕ್ ಅಂತೆ. ಲೆನ್ಸಿನ ಮೂಲೆಯಲ್ಲಿದ್ದ ಕೆಂಪು ರಿಫ್ಲೆಕ್ಟರ್ ಕತ್ತರಿಸಿ ಅಲ್ಲೂ ಎಲ್‌ಇಡಿ ತುಂಬಿದ್ದ. ರಾತ್ರಿ ಬ್ಯಾಟರಿ ಕೈಕೊಟ್ಟು ಕಾರು ರಸ್ತೆ ಪಕ್ಕ ನಿಂತರೆ, ಬರುವ ಲಾರಿಗೆ ಕಾಣುವುದು ಆ ರಿಫ್ಲೆಕ್ಟರ್ ಒಂದೇ. ಅದಕ್ಕೆ ಕರೆಂಟು ಬೇಡ.

ಆ ಹುಡುಗನಿಗೆ ಫೋನ್ ಮಾಡಿದೆ. ಮೊದಲು "ವೈರಿಂಗ್ ನಿಮ್ಮದೇ ಪ್ರಾಬ್ಲಮ್ ಬ್ರೋ". ಆಮೇಲೆ "ಕಳಿಸಿ ನೋಡೋಣ". ಆಮೇಲೆ ಬ್ಲಾಕ್. ಬಿಲ್ ಇಲ್ಲ, ಅಂಗಡಿಯ ವಿಳಾಸ ಇಲ್ಲ, ದುಡ್ಡು ಹೋಗಿದ್ದು ಅವನ ಸ್ವಂತ ನಂಬರಿಗೆ. ಇನ್ಶೂರೆನ್ಸ್ ಇದ್ದಿದ್ದು ಥರ್ಡ್ ಪಾರ್ಟಿ ಮಾತ್ರ. ಲಗೇಜ್ ಗಾಡಿಯವನ ಹೆಡ್‌ಲೈಟಿಗೆ ನಾನೇ ಎರಡು ಸಾವಿರ ಕೊಟ್ಟು ಕಳಿಸಿದೆ. ಟಿಂಕರಿಂಗ್, ಪೇಂಟ್ ಸೇರಿ ಹದಿನಾಲ್ಕು ಸಾವಿರ ಬೇರೆ.

ಅಕ್ಟೋಬರಿನಲ್ಲಿ ಆರ್‌ಸಿ ರಿನ್ಯೂವಲ್ ಇತ್ತು. ಹದಿನೈದು ವರ್ಷ ಕಳೆದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕಲ್ಲ. ಗಾಡಿ ಪರೀಕ್ಷೆ ಮಾಡುವ ಅಧಿಕಾರಿಗಳ ಮುಂದೆ ಆ ಲೈಟು ಹಾಕಿಕೊಂಡು ನಿಲ್ಲುವ ಹಾಗೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿದೆ. ಹಾಗಾಗಿ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಎರಡು ಭಾನುವಾರ ಕಳೆದೆ. ಕೊನೆಗೆ ಬೇರೆ ಬೇರೆ ಕಾರಿನ ಎರಡು ಲೈಟು ಸಿಕ್ಕವು. ನಲವತ್ತು ರೂಪಾಯಿಯ ಬಲ್ಬು ಹಾಕಿದೆ. ಬ್ರೇಕ್ ಒತ್ತಿದರೆ ಹಿಂದಿನ ಗೋಡೆ ಕೆಂಪಾಯಿತು. ಎಷ್ಟು ಸಮಾಧಾನ ಆಯಿತು ಅಂದರೆ ಹತ್ತು ಸಲ ಒತ್ತಿ ನೋಡಿದೆ.

ಎಲ್ಲರೂ ಹೀಗೆ ಅಂತ ಹೇಳುತ್ತಿಲ್ಲ. ಗೆಳೆಯನೊಬ್ಬನ ಹಳೇ ಕಾಂಟೆಸ್ಸಾ ಕಾರಿಗೆ ಒಬ್ಬರು ಮಾಡಿದ ಕೆಲಸ ನೋಡಿದ್ದೇನೆ. ಅಲ್ಯೂಮಿನಿಯಂ ಬೋರ್ಡು, ವೋಲ್ಟೇಜ್ ಏರಿದರೂ ಕರೆಂಟು ಏರದಂತೆ ಹಿಡಿದಿಡುವ ಡ್ರೈವರ್ ಸರ್ಕ್ಯೂಟ್, ಕೆಂಪು ಲೆನ್ಸಿಗೆ ಕೆಂಪು ಎಲ್‌ಇಡಿಯೇ. ಬಿಳಿ ಎಲ್‌ಇಡಿ ಹಾಕಿದರೆ ಬೆಳಕಿನ ಮುಕ್ಕಾಲು ಭಾಗ ಲೆನ್ಸಿನಲ್ಲೇ ಸಾಯುತ್ತದೆ. ಕೆಲಸ ಮಾಡಿದಾತ ಬ್ರೇಕ್ ಬಲ್ಬನ್ನು ಮುಟ್ಟೇ ಇರಲಿಲ್ಲ. ಆದರೆ ಅಂಥವರು ನೂರಕ್ಕೆ ಎಷ್ಟು ಜನ ಸಿಗುತ್ತಾರೋ, ನನಗಂತೂ ಸಿಗಲಿಲ್ಲ.

ಈಗಾಗಲೇ ಮಾಡಿಸಿಕೊಂಡಿದ್ದರೆ ದಯವಿಟ್ಟು ಇವತ್ತೇ ಒಂದು ಕೆಲಸ ಮಾಡಿ. ಮಧ್ಯಾಹ್ನ, ಬಿಸಿಲಿನಲ್ಲಿ, ರಾತ್ರಿಯಲ್ಲಿ ಅಲ್ಲ. ಎಂಜಿನ್ ಓಡುತ್ತಿರಲಿ, ಟೇಲ್ ಲೈಟ್ ಹಾಕಿ. ಇಪ್ಪತ್ತು ಹೆಜ್ಜೆ ಹಿಂದೆ ನಿಂತು, ಒಳಗೆ ಕೂತವರು ಹೇಳದೆ ಕೇಳದೆ ಬ್ರೇಕ್ ಒತ್ತಲಿ. ಒತ್ತಿದ್ದು ಯಾವಾಗ ಅಂತ ನೀವು ತಡವರಿಸದೆ ಹೇಳಬೇಕು. ಅದೇ ದೂರದಲ್ಲಿ ಮೂಲೆಗೆ ಸರಿದು ಓರೆಯಾಗಿ ನೋಡಿ. ಆಮೇಲೆ ಇಂಡಿಕೇಟರ್ ರೆಸಿಸ್ಟರ್ ಎಲ್ಲಿ ಕಟ್ಟಿದ್ದಾರೆ ಅಂತ ಹುಡುಕಿ, ಬಟ್ಟೆ ಅಥವಾ ಪ್ಲಾಸ್ಟಿಕ್ ಮೇಲಿದ್ದರೆ ಕತ್ತರಿಸಿ ಹಾಕಿ. ಇಂಡಿಕೇಟರ್ ಟಿಟಿಟಿಟಿ ಅಂದರೂ ಪರವಾಗಿಲ್ಲ. ಇನ್ನೂ ಮಾಡಿಸಿಲ್ಲದವರು ಲೆನ್ಸ್ ಬಿಡಿಸಲು ಓವನ್‌ನಲ್ಲಿ ಇಡುತ್ತೇವೆ ಅಂದರೆ ಎದ್ದು ಬನ್ನಿ. ಲೆನ್ಸಿನ ಅಕ್ರಿಲಿಕ್ ಪ್ಲಾಸ್ಟಿಕ್ 100 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತದೆ. ನನ್ನ ಒರಿಜಿನಲ್ ಎಡಗಡೆಯದ್ದು ಹಪ್ಪಳದ ಹಾಗೆ ಸೊಟ್ಟ ಆಗಿದ್ದು ಹಾಗೇ.

ಗುಜರಿಯಲ್ಲಿ ಸಿಕ್ಕ ಬಲಗಡೆ ಲೈಟಿಗೆ ಒಂದು ಬಿರುಕಿದೆ, ಸದ್ಯಕ್ಕೆ ಕೆಂಪು ಟೇಪ್ ಹಚ್ಚಿದ್ದೇನೆ. 1999ರ ಎಸ್ಟೀಮ್‌ನ ಬಲಗಡೆಯದ್ದು, ಬಿರುಕಿಲ್ಲದ್ದು, ಯಾರೂ ಬಿಚ್ಚದ್ದು ಎಲ್ಲಾದರೂ ಕಣ್ಣಿಗೆ ಬಿದ್ದರೆ ತಿಳಿಸಿ. ಬಣ್ಣ ಮಾಸಿದ್ದರೂ ನಡೆಯುತ್ತದೆ.