ಹೂರಣದ ಮಷಿನ್ ತಗೊಂಡು ಮೂರು ಹಬ್ಬ ಆಯ್ತು

ನಮ್ಮ ಮನೆಯಲ್ಲಿ ಹೋಳಿಗೆ ಅಂದರೆ ಎರಡು ಕೆಜಿ ಕಡಲೆ ಬೇಳೆಯ ಲೆಕ್ಕ. ಅದಕ್ಕಿಂತ ಕಡಿಮೆ ಮಾಡಿದರೆ ಮರುದಿನ ತಂಗಳ ಹೋಳಿಗೆ ಉಳಿಯಲಿಲ್ಲ ಅಂತ ಮಕ್ಕಳಿಗಿಂತ ದೊಡ್ಡವರೇ ಮುಖ ಸಣ್ಣ ಮಾಡುತ್ತಾರೆ. ಅಷ್ಟೂ ಹೂರಣ ಮಿಕ್ಸಿಯಲ್ಲಿ ತಿರುವುವುದು ನನ್ನ ಪಾಲಿನ ಕೆಲಸ. ಬೆಲ್ಲ ಬೆರೆತ ಹೂರಣ ಜಾರ್‌ನ ಗೋಡೆಗೆ ಕಚ್ಚಿಕೊಂಡು ಕೂರುತ್ತದೆ, ಬ್ಲೇಡ್ ಸುಮ್ನೆ ತಿರುಗುತ್ತದೆ, ನೀರು ಹಾಕೋಣ ಅಂದರೆ ಹೂರಣ ಸಡಿಲವಾಗಿ ಲಟ್ಟಿಸುವಾಗ ಒಡೆಯುತ್ತದೆ. ಹೋದ ದೀಪಾವಳಿಗೆ ಮಿಕ್ಸಿಯಿಂದ ಸುಟ್ಟ ವಾಸನೆ ಬಂದ ಮೇಲೆ ಸಾಕು ಅನ್ನಿಸಿತು.

ಹೋಳಿ ಹುಣ್ಣಿಮೆಗೆ ಮೊದಲು ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಒಂದು ಪಾತ್ರೆ ಅಂಗಡಿಯಲ್ಲಿ ಕೈಯಿಂದ ತಿರುಗಿಸುವ ಹೂರಣದ ಮಷಿನ್ ತಂದೆ. ಮರಾಠಿಯವರು ಪುರಣ ಯಂತ್ರ ಅನ್ನುತ್ತಾರಲ್ಲ, ಅದೇ. 650 ರೂಪಾಯಿ, ಸ್ಟೀಲಿಂದು. ಅಲ್ಯೂಮಿನಿಯಂದು ಇನ್ನೂ ಅಗ್ಗ ಇತ್ತು, ಬಿಸಿ ಬೆಲ್ಲ ಅದರಲ್ಲಿ ಹಾಕಲು ನನಗೆ ಮನಸ್ಸು ಬರಲಿಲ್ಲ. ನೋಡಲು ಅಗಲ ಬಾಯಿಯ ಪಾತ್ರೆ, ಕೆಳಗೆ ಮೂರು ಕಾಲು, ತಳದಲ್ಲಿ ತೂತಿನ ಜಾಲರಿ, ಮೇಲೆ ಹಿಡಿಕೆ. ಜಾಲರಿ ಮೂರು ಕೊಡುತ್ತಾರೆ. ಹೂರಣಕ್ಕೆ ಸಣ್ಣ ತೂತಿನದು ಒಂದೇ ಸಾಕು, ಉಳಿದೆರಡು ಡಬ್ಬಿಯಿಂದ ಹೊರಗೇ ಬಂದಿಲ್ಲ.

ಮೊದಲ ಸಲ ಪೂರ್ತಿ ಕೆಟ್ಟಿತು. ತಪ್ಪು ನನ್ನದೇ. ಹೂರಣ ಆರಲಿ ಅಂತ ಬಿಟ್ಟು ಕಣಕ ನಾದಲು ಕೂತೆ. ಬಂದು ನೋಡಿದರೆ ಅದು ಗಟ್ಟಿ ಮುದ್ದೆ, ಹಿಡಿಕೆ ಒಂದು ಸುತ್ತೂ ತಿರುಗಲಿಲ್ಲ. ಅತ್ತೆ ಒಲೆ ಮುಂದಿನಿಂದಲೇ ಹೇಳಿದರು, "ಬಿಸಿ ಇದ್ದಾಗ ಹಾಕ್ಬೇಕವಾ, ಆರಿದ ಮ್ಯಾಲ ಅದೇನ್ ಮಾಡ್ತದ ಪಾಪ." ಹೌದು, ಈ ಮಷಿನ್‌ನ ಗುಟ್ಟು ಅಷ್ಟೇ. ಬೇಳೆ ಎರಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಆದರೆ ಕರಗಿ ಹೋಗಿರಬಾರದು. ಕಟ್ಟು ಪೂರ್ತಿ ಬಸಿಯಬೇಕು (ಅದನ್ನು ಚೆಲ್ಲಬೇಡಿ, ಹೋಳಿಗೆ ದಿನ ಕಟ್ಟಿನ ಸಾರು ಇಲ್ಲದಿದ್ದರೆ ಊಟವೇ ಅಲ್ಲ). ಬೆಲ್ಲ ಹಾಕಿ ಸೌಟು ನೆಟ್ಟಗೆ ನಿಲ್ಲುವ ತನಕ ಕುದಿಸಿ, ಒಲೆಯಿಂದ ಇಳಿಸಿದ ಕೂಡಲೇ ಎರಡೆರಡು ಸೌಟು ಹಾಕುತ್ತಾ ತಿರುಗಿಸಬೇಕು. ಆಗ ನೋಡಿ, ಕೆಳಗಿನ ಪರಾತದಲ್ಲಿ ಹೂರಣ ಸಣ್ಣ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಬೀಳುತ್ತದೆ. ಒಂದು ಇಡೀ ಬೇಳೆ ಸಿಗಲ್ಲ. ಯಾಲಕ್ಕಿ, ಜಾಜಿಕಾಯಿ ಆಮೇಲೆ ಕೈಯಲ್ಲೇ ಕಲಸಿದರೆ ಆಯ್ತು. ಮಿಕ್ಸಿಯಲ್ಲಿ ಒಂದು ಗಂಟೆ ಮೀರುತ್ತಿದ್ದ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು, ಹೋಳಿಗೆ ತಟ್ಟೆ ಅಗಲ ಲಟ್ಟಿಸಿದರೂ ಎಲ್ಲೂ ಬಾಯಿ ಬಿಡಲಿಲ್ಲ.

ಯುಗಾದಿಗೆ ಬೆಂಗಳೂರಿನಿಂದ ಓರಗಿತ್ತಿ ಬಂದಿದ್ದಳು. ಅವಳು ಒಬ್ಬಟ್ಟು ಮಾಡುವುದು ತೊಗರಿ ಬೇಳೆಯಲ್ಲಿ. ತಮಾಷೆ ಅಲ್ವಾ, ತೊಗರಿ ಕಣಜ ಅನ್ನಿಸಿಕೊಂಡ ಊರು ನಮ್ಮದು, 2019ರಲ್ಲಿ ಇಲ್ಲಿನ ತೊಗರಿಗೆ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಗುರುತು) ಕೂಡ ಸಿಕ್ಕಿದೆ, ಆದರೂ ನಮ್ಮ ಮನೆ ಹೋಳಿಗೆಗೆ ಕಡಲೆ ಬೇಳೆಯೇ ಬೇಕು. "ಸಾರಿಗಿ ಹಾಕೋ ಬ್ಯಾಳ್ಯಾಗ ಹೋಳಿಗಿ ಏನವಾ" ಅಂತ ಅತ್ತೆ ನಕ್ಕರು, ಆದರೂ ಅರ್ಧ ಕೆಜಿ ಮಾಡಿ ನೋಡಿದೆವು. ತೊಗರಿ ಹೂರಣ ಮಷಿನ್‌ನಲ್ಲಿ ಬೆಣ್ಣೆಯ ಹಾಗೆ ಇಳಿಯುತ್ತದೆ, ಆದರೆ ಸಡಿಲ ಜಾಸ್ತಿ, ಮತ್ತೆ ಒಲೆ ಮೇಲಿಟ್ಟು ಬಾಡಿಸಬೇಕಾಯ್ತು. ರುಚಿ ಚೆನ್ನಾಗಿತ್ತು. ಅತ್ತೆ ಎರಡು ತಿಂದರು, ಏನೂ ಹೇಳಲಿಲ್ಲ.

ಕೊರತೆ ಇಲ್ಲವೇ ಅಂದರೆ ಇದೆ. ನುಣುಪಾದ ಪರಾತದ ಮೇಲಿಟ್ಟರೆ ಕಾಲು ಜಾರುತ್ತದೆ, ಒಬ್ಬರು ಹಿಡಿಯಬೇಕು, ಒಬ್ಬರು ತಿರುಗಿಸಬೇಕು. ನಾನು ಈಗ ಕೆಳಗೆ ಒದ್ದೆ ಬಟ್ಟೆ ಹಾಸುತ್ತೇನೆ. ಹಿಡಿಕೆಯ ತುದಿಯ ಪ್ಲಾಸ್ಟಿಕ್ ಗುಂಡಿ ಕಾರ ಹುಣ್ಣಿಮೆ ದಿನವೇ ಕಳಚಿ ಬಂತು, ಹೊರಗೆ ಎತ್ತಿಗೆ ಬಣ್ಣ ಹಚ್ಚುತ್ತಿದ್ದ ಮಾವನನ್ನು ಕರೆದು ಸ್ಕ್ರೂ ಹಾಕಿಸಬೇಕಾಯ್ತು. ಅಂಗಡಿಯವರನ್ನು ಕೇಳಿದರೆ "ಗುಂಡಿಗೆ ಗ್ಯಾರಂಟಿ ಇಲ್ರಿ ಅಕ್ಕಾ" ಅಂದರು. ಇನ್ನು ತೊಳೆಯುವುದು. ತಿಂದು ಮಲಗಿ ಸಂಜೆ ತೊಳೆದರಾಯ್ತು ಅಂದುಕೊಂಡರೆ ತೂತಿನಲ್ಲಿ ಬೆಲ್ಲ ಕಲ್ಲಾಗಿರುತ್ತದೆ. ಕೂಡಲೇ ಬಿಸಿ ನೀರಿಗೆ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಇಬ್ಬರೇ ಇರುವ ಮನೆಗೆ, ಕಾಲು ಕೆಜಿ ಬೇಳೆಗೆ ಇದು ಬೇಡ. ಸೌಟಿನಲ್ಲೇ ಮಸೆದುಬಿಡಿ, ಮಷಿನ್ ತೊಳೆಯುವ ಹೊತ್ತಿಗೆ ಹೋಳಿಗೆಯೇ ಆಗಿರುತ್ತದೆ. ಒಂದು ಕೆಜಿ ದಾಟುವವರು ಕಣ್ಣು ಮುಚ್ಚಿ ತಗೊಳ್ಳಿ, ಅಂಗಡಿಯಲ್ಲೇ ಹಿಡಿಕೆ ನಾಲ್ಕು ಸುತ್ತು ತಿರುಗಿಸಿ, ಕಾಲು ಅಲುಗುತ್ತದಾ ನೋಡಿ.

ನಮ್ಮದು ಸದ್ಯ ಪಕ್ಕದ ಮನೆಯಲ್ಲಿದೆ, ಎರಡು ದಿನಕ್ಕೆ ಅಂತ ಒಯ್ದವರು ಇನ್ನೂ ಕೊಟ್ಟಿಲ್ಲ. ಗಣಪತಿಗೆ ಹೂರಣದ ಕಡುಬು ಮಾಡಬೇಕು, ಅಷ್ಟರಲ್ಲಿ ಕೇಳಿ ಇಸ್ಕೋಬೇಕು.